ದಾರ ಹಿಡಿದು ನೋಡೋರು ಯಾರು?

ಬೆಂಗಳೂರಿನಲ್ಲಿ ಒಂದು ಕಾರಿಗೆ ಜೋರಾಗಿ ಪೆಟ್ಟು ಬಿದ್ದರೆ ಅದನ್ನು ನೋಡೋಕೆ ಸಾಮಾನ್ಯವಾಗಿ ಮೂರು ಜನ ಬರ್ತಾರೆ. ಯಾರಿಗಾದರೂ ಗಾಯವಾಗಿ ಕೇಸು ದಾಖಲಾಗಿದ್ದರೆ, ಪೊಲೀಸರ ಕೋರಿಕೆಯ ಮೇಲೆ ಆರ್‌ಟಿಓ ಕಚೇರಿಯ ಮೋಟಾರು ವಾಹನ ನಿರೀಕ್ಷಕರು. ಇನ್ಶೂರೆನ್ಸ್ ಕ್ಲೇಮ್ ಹಾಕಿದ್ದರೆ ಸರ್ವೇಯರ್. ಆಮೇಲೆ ಬಾಡಿ ಶಾಪಿನ ಟಿಂಕರ್. ನಿರೀಕ್ಷಕರ ಪ್ರಶ್ನೆ: ಈ ಅಪಘಾತ ಗಾಡಿಯ ಯಾಂತ್ರಿಕ ದೋಷದಿಂದ ಆಯ್ತಾ? ಸರ್ವೇಯರ್ ಪ್ರಶ್ನೆ: ಎಷ್ಟು ದುಡ್ಡು ಕೊಡಬೇಕು? ಟಿಂಕರ್ ಪ್ರಶ್ನೆ: ಹೊರಗಿನಿಂದ ಮೊದಲಿನ ಹಾಗೆ ಕಾಣೋಕೆ ಏನು ಮಾಡಬೇಕು?

ಮೂರೂ ನ್ಯಾಯವಾದ ಪ್ರಶ್ನೆಗಳೇ. ಆದರೆ ನಾಲ್ಕನೆಯದೊಂದು ಇದೆ: ನಾಳೆಯಿಂದ ಈ ಗಾಡಿ ನೆಟ್ಟಗೆ ಓಡುತ್ತಾ? ಪೇಂಟ್ ಮಿಂಚುತ್ತಾ ಇರುವ ಕಾರಿನ ಕೆಳಗೆ ಲೋಯರ್ ಆರ್ಮ್ ಎರಡು ಡಿಗ್ರಿ ಬಾಗಿದ್ದರೆ, ಸಬ್‌ಫ್ರೇಮ್ ಒಂದು ಬೆರಳಿನಷ್ಟು ಸರಿದಿದ್ದರೆ, ಅದನ್ನು ಹುಡುಕಲೇಬೇಕು ಅಂತ ಈ ಮೂವರಲ್ಲಿ ಯಾರ ಕರ್ತವ್ಯದಲ್ಲೂ ಬರೆದಿಲ್ಲ. ಯಾಕೆ ಹೀಗಾಯ್ತು ಅನ್ನೋದಕ್ಕೆ ಒಂದು ಇತಿಹಾಸ ಇದೆ. ಅದರ ಬಹುಪಾಲು ನಮ್ಮ ದಂಡು ಪ್ರದೇಶದ ಸುತ್ತಮುತ್ತಲೇ ಸಿಗುತ್ತೆ.

ಬ್ರಿಟಿಷರು ಹಲಸೂರಿನ ಹತ್ತಿರ ದಂಡು ಕಟ್ಟಿದ್ದು 1809ರಲ್ಲಿ. ಸೈನ್ಯ ಅಂದರೆ ಬರೀ ಬಂದೂಕಲ್ಲ, ಚಕ್ರಗಳೂ ಹೌದು: ತೋಪಿನ ಗಾಡಿ, ಎತ್ತಿನ ಗಾಡಿ, ಅಧಿಕಾರಿಗಳ ಕೋಚು, ಆಮೇಲೆ ಊರ ಜನರ ಜಟಕಾ. ಈ ಗಾಡಿಗಳ ಕಾಲಕ್ಕೇ ಇವತ್ತಿನ ಕಾರಿನ ಜ್ಯಾಮಿತಿಯ ಮುಖ್ಯ ಭಾಗ ಸಿದ್ಧವಾಗಿತ್ತು ಅಂದರೆ ಆಶ್ಚರ್ಯ ಆಗಬಹುದು. 1804ರಲ್ಲಿ ಲಂಡನ್ನಿನ ಒಬಾಡಯಾ ಎಲಿಯಟ್ ಗಾಡಿಗೆ ಎಲಿಪ್ಟಿಕ್ ಸ್ಪ್ರಿಂಗ್ ಹಾಕೋ ವಿಧಾನಕ್ಕೆ ಪೇಟೆಂಟ್ ಪಡೆದ. 1817ರಲ್ಲಿ ಮ್ಯೂನಿಕ್‌ನ ಗಾಡಿ ಕಟ್ಟುವವನಾದ ಗಿಯೋರ್ಗ್ ಲಾಂಕೆನ್ಸ್‌ಪರ್ಗರ್ ತಿರುವಿನಲ್ಲಿ ಒಳಗಿನ ಚಕ್ರ ಹೊರಗಿನದಕ್ಕಿಂತ ಹೆಚ್ಚು ತಿರುಗೋ ವ್ಯವಸ್ಥೆ ಕಂಡುಹಿಡಿದ. ಮರುವರ್ಷ ರುಡಾಲ್ಫ್ ಆಕರ್‌ಮನ್ ಅದಕ್ಕೆ ಇಂಗ್ಲೆಂಡಿನಲ್ಲಿ ಪೇಟೆಂಟ್ ತಗೊಂಡ. ಇವತ್ತಿಗೂ ಅದಕ್ಕೆ ಆಕರ್‌ಮನ್ ಸ್ಟಿಯರಿಂಗ್ ಅಂತಲೇ ಹೆಸರು. ಕಂಡುಹಿಡಿದವನ ಹೆಸರು ಉಳಿಯಲಿಲ್ಲ.

ಕೋಚಿನ ಚಕ್ರವನ್ನು ಎದುರಿನಿಂದ ನೋಡಿದರೆ ಅದು ಕಡ್ಡಿ ನೆಟ್ಟ ಹಾಗೆ ನೇರವಾಗಿ ಇರ್ತಿರಲಿಲ್ಲ. ಅರಗಳನ್ನು ಬಟ್ಟಲಿನ ಹಾಗೆ ಸ್ವಲ್ಪ ಹೊರಕ್ಕೆ ಬಾಗಿಸಿ ಕೂರಿಸ್ತಿದ್ರು. ಅದಕ್ಕೆ ಹೊಂದೋ ಹಾಗೆ ಅಚ್ಚಿನ ತುದಿಯನ್ನು ತುಸು ಕೆಳಮುಖ ಮಾಡ್ತಿದ್ರು. ಹೀಗೆ ಮಾಡಿದಾಗ ಓಡೋ ಚಕ್ರ ಹೊರಗೆ ಜಾರಿ ಕಡೆಗೀಲಿನ ಮೇಲೆ ಭಾರ ಹಾಕಬಾರದು ಅಂತ ಅಚ್ಚಿನ ತುದಿಯನ್ನು ಕೂದಲೆಳೆಯಷ್ಟು ಮುಂದಕ್ಕೂ ತಿರುಗಿಸ್ತಿದ್ರು. ಮೊದಲನೆಯದನ್ನು ನಾವೀಗ ಕ್ಯಾಂಬರ್ ಅಂತೀವಿ, ಎರಡನೆಯದನ್ನು ಟೋ. ಇವತ್ತು ಕಂಪ್ಯೂಟರ್ ಪರದೆಯಲ್ಲಿ ಕೆಂಪು ಹಸಿರು ಬಣ್ಣದಲ್ಲಿ ಬರೋ ಸಂಖ್ಯೆಗಳು ಹುಟ್ಟಿದ್ದು ಬಡಗಿ ಮತ್ತು ಕಮ್ಮಾರನ ಕಣ್ಣಳತೆಯಲ್ಲಿ.

ಗಾಡಿ ಹಳ್ಳಕ್ಕೆ ಬಿದ್ದು ಎದ್ದರೆ ಪರೀಕ್ಷೆ ಸರಳವಾಗಿತ್ತು. ಎಲ್ಲ ಭಾಗಗಳೂ ಹೊರಗೇ ಇದ್ದವು. ಚಕ್ರ ಎತ್ತಿ ತಿರುಗಿಸಿದರೆ ಓಲಾಟ ಕಾಣುತ್ತೆ, ಅಚ್ಚು ಬಾಗಿದ್ದರೆ ಕಣ್ಣಿಗೆ ಬೀಳುತ್ತೆ. ಕಟ್ಟಿದವನು, ರಿಪೇರಿ ಮಾಡೋನು, ಇನ್ನು ಹೂಡಬಹುದು ಅಂತ ಹೇಳೋನು ಹೆಚ್ಚಾಗಿ ಒಬ್ಬನೇ. ನಮ್ಮ ನಾಲ್ಕನೇ ಪ್ರಶ್ನೆಗೆ ಆಗ ಒಬ್ಬ ವಾರಸುದಾರ ಇದ್ದ.

1864ರಲ್ಲಿ ಜೋಲಾರಪೇಟೆಯಿಂದ ದಂಡಿಗೆ ರೈಲು ಬಂತು. ಇಪ್ಪತ್ತನೇ ಶತಮಾನದಲ್ಲಿ ಮೋಟಾರು ಬಂತು. ಮೊದಮೊದಲ ಕಾರುಗಳು ರಚನೆಯಲ್ಲಿ ಗಾಡಿಗಳೇ: ಏಣಿಯಂಥ ಚಾಸಿ, ಎಡಬಲ ಚಕ್ರಗಳನ್ನು ಸೇರಿಸೋ ಗಟ್ಟಿ ಅಚ್ಚು, ಪಟ್ಟಿ ಸ್ಪ್ರಿಂಗು. ಅಚ್ಚು ಬಾಗಿದರೆ ಬಿಚ್ಚಿ ನೆಟ್ಟಗೆ ಮಾಡಬಹುದಿತ್ತು. ಚಾಸಿ ಸೊಟ್ಟಗಾಗಿದೆಯಾ ಅಂತ ನೋಡೋಕೆ ಮೂಲೆಯಿಂದ ಮೂಲೆಗೆ ಎರಡು ಕರ್ಣ ಅಳೆದರೆ ಸಾಕು. ಎರಡೂ ಸಮ ಇದ್ದರೆ ಚೌಕಟ್ಟು ಸರಿ.

ಚಕ್ರಗಳಿಗೆ ದಾರ. ಹಳೇ ಮೆಕ್ಯಾನಿಕ್‌ಗಳು ಮಾಡ್ತಿದ್ದದ್ದು ಇಷ್ಟೇ: ಸ್ಟಿಯರಿಂಗ್ ನೇರ ಇಟ್ಟು, ಹಿಂದಿನ ಚಕ್ರದ ಬದಿಯಿಂದ ಮುಂದಿನ ಚಕ್ರದ ಬದಿಯವರೆಗೆ ಒಂದು ದಾರ ಬಿಗಿಯಾಗಿ ಎಳೆಯೋದು. ಟೈರಿನ ಮುಂದಿನ ಅಂಚಿಗೂ ದಾರಕ್ಕೂ ಎಷ್ಟು ಸಂದು, ಹಿಂದಿನ ಅಂಚಿಗೂ ದಾರಕ್ಕೂ ಎಷ್ಟು ಸಂದು ಅಂತ ಸ್ಕೇಲ್ ಇಟ್ಟು ನೋಡೋದು. ಇನ್ನೊಂದು ಬದಿಗೂ ಹಾಗೆಯೇ. ಕಾಸು ಖರ್ಚಿಲ್ಲದ ಈ ಉಪಾಯ ಪ್ರಪಂಚದ ಎಲ್ಲ ಗ್ಯಾರೇಜುಗಳಲ್ಲೂ ಇತ್ತು. ದುಬಾರಿ ರೇಸ್ ಕಾರುಗಳ ತಂಡಗಳೂ ದಾರ ಬಿಟ್ಟಿರಲಿಲ್ಲ. ಇದರ ದೊಡ್ಡ ಗುಣ ಏನಂದರೆ, ದಾರ ಹಿಡಿಯೋನು ಕಾರನ್ನು ಇಡಿಯಾಗಿ ನೋಡಲೇಬೇಕು. ಮುಂದಿನ ಚಕ್ರ ಹಿಂದಿನ ಚಕ್ರದ ಸಾಲಿನಲ್ಲಿ ಇಲ್ಲ ಅಂದರೆ ಅದು ಅವನ ಕಣ್ಣಿಗೆ ಬೀಳುತ್ತೆ.

ಇದೇ ಕಾಲದಲ್ಲಿ ಹಿಂದೆ ಬ್ಲಾಕ್‌ಪಲ್ಲಿ ಅಂತಿದ್ದ ಜಾಗ ಶಿವಾಜಿನಗರ ಆಯ್ತು. 1927ರ ರಸೆಲ್ ಮಾರ್ಕೆಟ್ಟಿನ ಸುತ್ತಲ ಗಲ್ಲಿಗಳಲ್ಲಿ ಬೆಳೆದ ಗುಜರಿ ವ್ಯಾಪಾರ ನಗರದ ಹಳೇ ಕಾರುಗಳ ಕೊನೇ ನಿಲ್ದಾಣವೂ ಆಯ್ತು, ಹೊಸ ಆಯಸ್ಸಿನ ಮೂಲವೂ ಆಯ್ತು. ಬಾಗಿಲು, ಗಾಜು, ಗೇರ್‌ಬಾಕ್ಸ್, ಅಚ್ಚು, ಎಲ್ಲ ಬೇರೆ ಬೇರೆ ರಾಶಿ. ಬಿಡಿಭಾಗ ಹೊರಗಿನಿಂದ ಬರೋದು ದುಬಾರಿಯಾಗಿದ್ದ ದಶಕಗಳಲ್ಲಿ ಇಂಥ ರಾಶಿಗಳೇ ಕಾರುಗಳನ್ನು ಓಡಿಸಿದ್ದು. ಆದರೆ ಒಂದು ಮಾತು. ಗುಜರಿಗೆ ಬಂದ ಗಾಡಿ ಎಷ್ಟೋ ಸಲ ತಾನೇ ಗುದ್ದಿಕೊಂಡು ಬಂದದ್ದು. ಅದರ ಗಾಜು, ಸೀಟು, ಬಾಗಿಲು ತಗೊಳ್ಳೋದು ಬೇರೆ. ಲೋಯರ್ ಆರ್ಮ್, ಸ್ಟಿಯರಿಂಗ್ ನಕಲ್ ತಗೊಳ್ಳೋದು ಬೇರೆ. ಬೇರೆಯವರ ಅಪಘಾತವನ್ನು ನಿಮ್ಮ ಕಾರಿಗೆ ಬೋಲ್ಟ್ ಹಾಕಿ ಬಿಗಿದ ಹಾಗೆ.

ಈಗ ಕಾನೂನಿನ ಕಡೆ ಬರೋಣ. ಮೋಟಾರಿಗೆ ಅಂತ ಮೊದಲ ಕಾಯ್ದೆ ಬ್ರಿಟಿಷ್ ಇಂಡಿಯಾದಲ್ಲಿ ಬಂದದ್ದು 1914ರಲ್ಲಿ, ವಿಸ್ತಾರವಾದದ್ದು 1939ರಲ್ಲಿ. ಮೂರನೇ ವ್ಯಕ್ತಿಯ ವಿಮೆ ಕಡ್ಡಾಯ ಆದದ್ದು 1946ರ ಜುಲೈ 1ರಿಂದ. ಈಗಿನ ಕಾಯ್ದೆ 1988ರದು. ಅದರ 136ನೇ ಸೆಕ್ಷನ್ ಅಪಘಾತಕ್ಕೆ ಸಿಕ್ಕ ವಾಹನವನ್ನು ಪರೀಕ್ಷಿಸೋ ಅಧಿಕಾರ ಕೊಡುತ್ತೆ. ನಿರೀಕ್ಷಕರು ಕೊಡೋ ವರದಿಗೆ ಕೋರ್ಟಿನ ಭಾಷೆಯಲ್ಲಿ ಐಎಂವಿ ರಿಪೋರ್ಟ್ ಅಂತಾರೆ. ಮೇಯೋ ಹಾಲ್‌ನ ಕೋರ್ಟುಗಳಲ್ಲಿ ಪರಿಹಾರದ ಕೇಸು ನಡೆಯುವಾಗ ಈ ವರದಿ ಕಡತದಲ್ಲಿ ಇರುತ್ತೆ. ಎಲ್ಲೆಲ್ಲಿ ಜಖಂ, ಬ್ರೇಕ್ ಸರಿ ಇತ್ತಾ, ಯಾಂತ್ರಿಕ ದೋಷ ಕಾರಣವಾ ಅನ್ನೋದಷ್ಟೇ ಅದರಲ್ಲಿ. ಅಂದರೆ ವರದಿ ಹಿಂದಕ್ಕೆ ನೋಡುತ್ತೆ. ಅಪಘಾತದ ಕ್ಷಣದವರೆಗೆ ಬಂದು ನಿಲ್ಲುತ್ತೆ.

ವಿಮೆಯ ಸರ್ವೇಯರ್‌ಗೂ 1938ರ ಇನ್ಶೂರೆನ್ಸ್ ಕಾಯ್ದೆಯಲ್ಲಿ ಜಾಗ ಇದೆ, 64ಯುಎಂ ಅನ್ನೋ ಸೆಕ್ಷನ್ನು. ಅವರ ಅಳತೆ ರೂಪಾಯಿ. ಸಾಮಾನ್ಯ ಪಾಲಿಸಿಯಲ್ಲಿ ರಬ್ಬರ್, ಪ್ಲಾಸ್ಟಿಕ್ ಭಾಗಗಳಿಗೆ 50% ಸವಕಳಿ ಕಳೀತಾರೆ. ಸಸ್ಪೆನ್ಷನ್ನಿನ ಬುಶ್‌ಗಳು ರಬ್ಬರ್. ರಿಪೇರಿ ಖರ್ಚು ಗಾಡಿಯ ಐಡಿವಿಯ 75% ದಾಟಿದರೆ ಪೂರ್ತಿ ನಷ್ಟ ಅಂತ ಲೆಕ್ಕ. ಇದೆಲ್ಲ ತಪ್ಪಲ್ಲ. ಆದರೆ ಕಣ್ಣಿಗೆ ಕಾಣೋ ಮುರಿತಕ್ಕೆ ಬಿಲ್ ಸುಲಭ. ಕಾಣದ ಬಾಗುವಿಕೆಯನ್ನು ಗಾಡಿ ಬಿಚ್ಚಿ ತೋರಿಸಿ, ಅಳತೆ ಕೊಟ್ಟು ಕೇಳಬೇಕು. ಕೇಳದೇ ಇದ್ದರೆ ಅದು ಎಸ್ಟಿಮೇಟಿನಲ್ಲಿ ಬರಲ್ಲ.

ಇನ್ನು ಆರ್‌ಟಿಓ. ಇಂದಿರಾನಗರದ ಕಡೆಯವರ ಕೆಎ-03 ಆಗಲಿ, ಕೆ.ಆರ್. ಪುರದ ಕೆಎ-53 ಆಗಲಿ, ಸ್ವಂತ ಕಾರಿನ ನೋಂದಣಿ 15 ವರ್ಷಕ್ಕೆ. ಅಲ್ಲಿಯವರೆಗೆ ನಿಯತವಾಗಿ ಗಾಡಿಯ ಹೊಟ್ಟೆ ಕೆಳಗೆ ಬಗ್ಗಿ ನೋಡೋ ಸರ್ಕಾರಿ ಪರೀಕ್ಷೆ ಇಲ್ಲ. ಟ್ಯಾಕ್ಸಿ, ಲಾರಿಗಳಿಗೆ ಎಫ್‌ಸಿ ಇದೆ, ನಮಗೆ ಇಲ್ಲ. ಬ್ರಿಟನ್ ತನ್ನ ಮನೆ ಕಾರುಗಳಿಗೂ 1960ರಲ್ಲಿ ಎಂಓಟಿ ಪರೀಕ್ಷೆ ತಂತು. ಮೊದಲು ಹತ್ತು ವರ್ಷ ಹಳೆಯ ಗಾಡಿಗೆ, ಕೆಲವೇ ವರ್ಷಗಳಲ್ಲಿ ಮೂರು ವರ್ಷ ತುಂಬಿದ ಗಾಡಿಗೂ. ಸ್ಟಿಯರಿಂಗ್ ಪರೀಕ್ಷೆ ಮೊದಲಿನಿಂದಲೂ ಅದರ ಭಾಗ. ಗುದ್ದಿದ್ದನ್ನು ಯಾರಿಗೂ ಹೇಳದಿದ್ದರೂ ಅಲ್ಲಿ ವರ್ಷಕ್ಕೊಮ್ಮೆ ಒಬ್ಬ ಅಪರಿಚಿತ ಬಾಲ್ ಜಾಯಿಂಟ್ ಅಲ್ಲಾಡಿಸಿ ನೋಡ್ತಾನೆ.

ನಮ್ಮ ಪೂರ್ವ ಬೆಂಗಳೂರಿನಲ್ಲೇ ಇದಕ್ಕೆ ಪೂರ್ತಿ ವಿರುದ್ಧವಾದ ಒಂದು ಸಂಸ್ಕೃತಿ ಬೆಳೀತು. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ಜೊತೆ ಸೇರಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರು ಮಾಡಿದ್ರು. ಎರಡನೇ ಮಹಾಯುದ್ಧದಲ್ಲಿ ಅಲ್ಲಿ ಅಮೆರಿಕದ ವಿಮಾನಗಳ ರಿಪೇರಿ ನಡೀತು. ವಿಮಾನಯಾನದಲ್ಲಿ ಒಂದು ನಿಯಮ ಇದೆ: ವಿಮಾನ ನೆಲಕ್ಕೆ ಗಟ್ಟಿಯಾಗಿ ಅಪ್ಪಳಿಸಿ ಇಳಿದರೆ, ಹೊರಗೆ ಏನೂ ಕಾಣದಿದ್ದರೂ ನಿಗದಿತ ತಪಾಸಣೆ ಆಗದೆ ಮತ್ತೆ ಹಾರಲ್ಲ. ಮೂತಿಯಿಂದ ಎಡ ರೆಕ್ಕೆ ತುದಿಗೆ, ಮೂತಿಯಿಂದ ಬಲ ರೆಕ್ಕೆ ತುದಿಗೆ ಅಳೆದು ಎರಡೂ ಸಮ ಇವೆಯಾ ಅಂತ ನೋಡೋ ಸಿಮೆಟ್ರಿ ಚೆಕ್ ಅಂತಲೂ ಇದೆ. ಮಾಡಿದವರು ಲಾಗ್ ಪುಸ್ತಕದಲ್ಲಿ ಸಹಿ ಹಾಕಬೇಕು. ದಾರ ಹಿಡಿಯೋನ ಕೆಲಸವೇ ಇದು. ವಿಮಾನಕ್ಕಾದರೆ ಅದಕ್ಕೆ ಸಹಿ, ಜವಾಬ್ದಾರಿ ಎರಡೂ ಸಿಕ್ಕವು. ಪಕ್ಕದ ರಸ್ತೆಯಲ್ಲಿ ಓಡೋ ಕಾರಿಗೆ ಸಿಗಲಿಲ್ಲ.

ಅಷ್ಟರಲ್ಲಿ ಕಾರೇ ಬದಲಾಯ್ತು. ಚಾಸಿ ಬೇರೆ, ಬಾಡಿ ಬೇರೆ ಅನ್ನೋದು ಹೋಗಿ ಬಾಡಿಯೇ ಚೌಕಟ್ಟಾದ ಮೊನೊಕಾಕ್ ಬಂತು. ಇಟಲಿಯ ಲ್ಯಾನ್ಸಿಯಾ ಲಾಂಬ್ಡಾ 1922ರಲ್ಲೇ ಈ ದಾರಿ ತೋರಿಸಿತ್ತು. ನಮ್ಮ ಅಂಬಾಸಿಡರ್ ಅನ್ನು ಚಾಸಿ ಗಾಡಿ ಅಂದುಕೊಂಡವರು ಬಹಳ. ಅದು ಮೋರಿಸ್ ಆಕ್ಸ್‌ಫರ್ಡ್‌ನ ಮೊನೊಕಾಕ್ ಬಾಡಿಯೇ, ತಗಡು ಮಾತ್ರ ದಪ್ಪ. 1983ರ ಡಿಸೆಂಬರ್ 14ರಂದು ಮೊದಲ ಮಾರುತಿ 800ರ ಕೀ ಹಸ್ತಾಂತರ ಆಯ್ತು. ಅದರ ಜೊತೆಗೆ ತೆಳು ತಗಡಿನ ಹಗುರ ಬಾಡಿ, ಮುಂದಕ್ಕೆ ಮ್ಯಾಕ್‌ಫರ್ಸನ್ ಸ್ಟ್ರಟ್ ಮನೆಮಾತಾಯ್ತು. ಅರ್ಲ್ ಮ್ಯಾಕ್‌ಫರ್ಸನ್ ಅನ್ನೋ ಅಮೆರಿಕದ ಎಂಜಿನಿಯರ್ 1940ರ ದಶಕದಲ್ಲಿ ರೂಪಿಸಿದ ಈ ವಿನ್ಯಾಸದಲ್ಲಿ ಮೇಲಿನ ಆರ್ಮ್ ಇಲ್ಲ. ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಒಂದೇ ಕಂಬ. ಕಂಬದ ತಲೆ ನೇರವಾಗಿ ಬಾನೆಟ್ ಕೆಳಗಿನ ತಗಡಿನ ಗೋಪುರಕ್ಕೆ ಬೋಲ್ಟ್ ಆಗಿರುತ್ತೆ.

ಇದರ ಪರಿಣಾಮ ಗಮನಿಸಿ. ಚಕ್ರದ ಕೋನ ಈಗ ಬಾಡಿಯ ತಗಡಿನ ಮೇಲೆ ನಿಂತಿದೆ. ಮೀಡಿಯನ್‌ಗೆ ಚಕ್ರ ಬಡಿದರೆ ಪೆಟ್ಟು ರಿಮ್‌ನಿಂದ ನಕಲ್‌ಗೆ, ಅಲ್ಲಿಂದ ಲೋಯರ್ ಆರ್ಮ್, ಟೈ ರಾಡ್, ಸಬ್‌ಫ್ರೇಮ್‌ಗೆ, ಸ್ಟ್ರಟ್ ಮೂಲಕ ಗೋಪುರಕ್ಕೆ ಹರಿಯುತ್ತೆ. ಬಂಪರ್ ಹಾಗೇ ಇರಬಹುದು. ಜೊತೆಗೆ ಇವತ್ತಿನ ಗಟ್ಟಿ ಉಕ್ಕು, ಅಲ್ಯೂಮಿನಿಯಂ ಭಾಗಗಳನ್ನು ಹಳೇ ಅಚ್ಚಿನ ಹಾಗೆ ಕಾಯಿಸಿ ನೆಟ್ಟಗೆ ಮಾಡಬಾರದು, ಬಲ ಹೋಗುತ್ತೆ. ಬಾಗಿದ್ದನ್ನು ಬದಲಿಸೋದೊಂದೇ ದಾರಿ.

ದಾರದ ಜಾಗಕ್ಕೆ ಕ್ಯಾಮೆರಾ ಇರೋ 3ಡಿ ಅಲೈನ್‌ಮೆಂಟ್ ಯಂತ್ರ ಬಂದದ್ದು 1990ರ ದಶಕದ ಮಧ್ಯದಲ್ಲಿ. ಯಂತ್ರ ದಾರಕ್ಕಿಂತ ಎಷ್ಟೋ ನಿಖರ. ಸಮಸ್ಯೆ ಅದನ್ನು ಓದೋದರಲ್ಲಿ. ನಮ್ಮ ಬಹುಪಾಲು ಸಣ್ಣ ಕಾರುಗಳಲ್ಲಿ ಹೊಂದಿಸೋಕೆ ಆಗೋದು ಮುಂದಿನ ಟೋ ಒಂದೇ. ಟೈ ರಾಡ್ ತಿರುಗಿಸಿದರೆ ಟೋ ಹಸಿರಾಗುತ್ತೆ. ಕ್ಯಾಂಬರ್ ಕೆಂಪಾಗೇ ಉಳಿದರೆ 'ಅದು ಅಡ್ಜಸ್ಟ್ ಆಗಲ್ಲ ಸಾರ್, ಪರವಾಗಿಲ್ಲ' ಅಂತಾರೆ. ಮೊದಲರ್ಧ ನಿಜ. ಎರಡನೇ ಅರ್ಧ ಅಪಾಯ. ಅಡ್ಜಸ್ಟ್ ಮಾಡೋಕೇ ಆಗದ ಕೋನ ಅಳತೆ ತಪ್ಪಿದೆ ಅಂದರೆ ಏನೋ ಬಾಗಿದೆ, ಸರಿದಿದೆ ಅಥವಾ ಸವೆದಿದೆ ಅಂತಲೇ ಅರ್ಥ. ಗುದ್ದಿದ ಕಾರಿನ ಪ್ರಿಂಟ್‌ಔಟಿನಲ್ಲಿ ಓದಬೇಕಾದ ಸಾಲು ಅದೇ.

ಹಾಗಾದರೆ ನಾಲ್ಕನೇ ಪ್ರಶ್ನೆ ಕೇಳೋದು ಹೇಗೆ? ಮೊದಲು ಪಾರ್ಕಿಂಗಿನಲ್ಲೇ ಟೇಪ್ ಹಿಡಿಯಿರಿ. ನಾಲ್ಕೂ ಟೈರಿಗೆ ಸರಿಯಾದ ಗಾಳಿ, ಸಮತಟ್ಟು ನೆಲ, ಸ್ಟಿಯರಿಂಗ್ ನೇರ. ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಎಡಕ್ಕೊಮ್ಮೆ, ಬಲಕ್ಕೊಮ್ಮೆ ಅಳೆಯಿರಿ. ಒಂದು ಸೆಂಟಿಮೀಟರಿನಷ್ಟು ವ್ಯತ್ಯಾಸ ಬಂದರೆ ಚಕ್ರ ಹಿಂದಕ್ಕೆ ತಳ್ಳಿಹೋಗಿರಬಹುದು ಅಂತ ಅನುಮಾನಿಸಿ. ಬಾನೆಟ್ ತೆರೆದು ಎರಡೂ ಸ್ಟ್ರಟ್ ಗೋಪುರಗಳ ಸುತ್ತ ಪೇಂಟ್ ಬಿರುಕು, ಸುಕ್ಕು, ಒಂದು ಕಡೆ ಮಾತ್ರ ಹೊಸ ಸೀಲೆಂಟ್ ಇದೆಯಾ ನೋಡಿ.

ಆಮೇಲೆ ರಸ್ತೆ. ಹಳೇ ಮದ್ರಾಸ್ ರೋಡಿನಲ್ಲಿ ಭಾನುವಾರ ಬೆಳಗ್ಗೆ ಹೋಗಿ, ಟ್ರಾಫಿಕ್ ಇರಲ್ಲ. ನೇರ ಓಡುವಾಗ ಸ್ಟಿಯರಿಂಗ್ ಸೊಟ್ಟಗೆ ನಿಲ್ಲುತ್ತಾ? ನೀರು ಹರಿಯಲಿ ಅಂತ ರಸ್ತೆ ಎಡಕ್ಕೆ ತುಸು ಇಳಿಜಾರಿರುತ್ತೆ, ಹಾಗಾಗಿ ಮೆಲ್ಲಗೆ ಎಡಕ್ಕೆ ಸರಿಯೋದು ಸಹಜ. ಬಲಕ್ಕೆ ಎಳೆಯೋದು, ಎಡಕ್ಕೆ ಜೋರಾಗಿ ಎಳೆಯೋದು ಸಹಜ ಅಲ್ಲ. ಮುಂದಿನ ಎರಡು ಟೈರ್ ಅದಲು ಬದಲು ಮಾಡಿದಾಗ ಎಳೆತದ ದಿಕ್ಕು ಬದಲಾದರೆ ತಪ್ಪು ಟೈರಿನದು. ಬದಲಾಗದಿದ್ದರೆ ಕೆಳಗೆ ನೋಡಬೇಕು. ತಿರುವು ಮುಗಿದ ಮೇಲೆ ಸ್ಟಿಯರಿಂಗ್ ಎರಡೂ ಕಡೆಯಿಂದ ಒಂದೇ ರೀತಿ ವಾಪಸ್ ಬರುತ್ತಾ? ಹಂಪ್ ಮೇಲೆ ಒಂದೇ ಚಕ್ರದಿಂದ ಟಕ್ ಅಂತ ಸದ್ದು ಬರುತ್ತಾ?

ಮೂರನೆಯದು ಲಿಫ್ಟ್. ಅಲೈನ್‌ಮೆಂಟ್‌ಗೆ ಮುಂಚೆ ಇದು ಆಗಲೇಬೇಕು. ಚಕ್ರವನ್ನು ಮೇಲೆ-ಕೆಳಗೆ ಹಿಡಿದು ಅಲ್ಲಾಡಿಸಿದಾಗ ಆಟ ಇದ್ದರೆ ಬಾಲ್ ಜಾಯಿಂಟ್ ಅಥವಾ ಬೇರಿಂಗ್. ಎಡ-ಬಲ ಹಿಡಿದಾಗ ಇದ್ದರೆ ಟೈ ರಾಡ್ ಕಡೆ. ಎಡ ಬಲ ಲೋಯರ್ ಆರ್ಮ್‌ಗಳನ್ನು ಒಂದಕ್ಕೊಂದು ಹೋಲಿಸಿ. ಶಾಕ್ ಅಬ್ಸಾರ್ಬರ್‌ನಿಂದ ಎಣ್ಣೆ ಜಿನುಗಿದೆಯಾ, ಬುಶ್ ಹರಿದಿದೆಯಾ ನೋಡಿ. ಸಬ್‌ಫ್ರೇಮ್ ಬೋಲ್ಟಿನ ಪಕ್ಕ ಹೊಳೆಯೋ ಲೋಹದ ಗೆರೆ ಇದ್ದರೆ ಅದು ಸರಿದ ಗುರುತು. ರಿಮ್ ತಿರುಗಿಸಿ ಓಲಾಟ ನೋಡಿ, ಇದು ಜಟಕಾ ಕಾಲದ ಪರೀಕ್ಷೆಯೇ.

ಕೊನೆಗೆ ಯಂತ್ರ. ನಾಲ್ಕೂ ಚಕ್ರದ ಅಳತೆ, ಹೊಂದಿಸೋ ಮುಂಚಿನದೂ ಆಮೇಲಿನದೂ ಎರಡೂ ಪ್ರಿಂಟ್ ಕೇಳಿ. ಎಡಬಲ ಕ್ಯಾಂಬರ್, ಕ್ಯಾಸ್ಟರ್ ನಡುವೆ ಅರ್ಧ ಡಿಗ್ರಿ ದಾಟಿದ ವ್ಯತ್ಯಾಸ ಇದ್ದರೆ ಕಾರಣ ಕೇಳಿ. ಥ್ರಸ್ಟ್ ಆಂಗಲ್ ತಪ್ಪಿದ್ದರೆ ಹಿಂದಿನ ಅಚ್ಚು ಓರೆಯಾಗಿದೆ, ಕಾರು ಏಡಿಯ ಹಾಗೆ ಓರೆಯಾಗಿ ಓಡುತ್ತೆ. ಮುಂದಿನ ಟೋ ಎಷ್ಟು ತಿರುಗಿಸಿದರೂ ಅದು ಸರಿ ಹೋಗಲ್ಲ. ಇಎಸ್‌ಸಿ ಇರೋ ಕಾರಿಗೆ ಸ್ಟಿಯರಿಂಗ್ ಆಂಗಲ್ ಸೆನ್ಸರ್ ಮತ್ತೆ ಹೊಂದಿಸಬೇಕು. ಮುಂದೆ ಕ್ಯಾಮೆರಾ, ರಾಡಾರ್ ಇದ್ದರೆ ಅವಕ್ಕೂ ಕ್ಯಾಲಿಬ್ರೇಶನ್. 500 ರಿಂದ 1000 ಕಿ.ಮೀ. ಓಡಿದ ಮೇಲೆ ಟೈರಿನ ಮೇಲೆ ಅಡ್ಡ ಕೈಯಾಡಿಸಿ, ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸದ ಹಾಗೆ ಸಿಕ್ಕರೆ ಟೋ ಇನ್ನೂ ತಪ್ಪೇ ಇದೆ.

ಇಷ್ಟೆಲ್ಲ ಯಾಕೆ ಅನ್ನೋದಕ್ಕೆ ಒಂದು ಸಣ್ಣ ಲೆಕ್ಕ. 600 ಮಿ.ಮೀ. ವ್ಯಾಸದ ಟೈರು ತನ್ನ ಮುಂದಿನ ಅಂಚಿಗೂ ಹಿಂದಿನ ಅಂಚಿಗೂ 3 ಮಿ.ಮೀ. ಓರೆ ಇದೆ ಅಂದುಕೊಳ್ಳಿ. ಪ್ರತಿ ಕಿಲೋಮೀಟರಿಗೆ ಅದು 5 ಮೀಟರಿನಷ್ಟು ಅಡ್ಡಕ್ಕೆ ಉಜ್ಜಿಕೊಂಡು ಹೋಗುತ್ತೆ. ದಿನಕ್ಕೆ 20 ಕಿ.ಮೀ. ಆಫೀಸಿಗೆ ಹೋಗಿ ಬಂದರೆ 100 ಮೀಟರ್. ಟೈರಿನ ಒಳ ಅಂಚು ನಿಮಗೆ ಕಾಣದ ಕಡೆ ತೆಳುವಾಗ್ತಾ ಹೋಗುತ್ತೆ. ಮಳೆಯಲ್ಲಿ ಜೋರಾಗಿ ಬ್ರೇಕ್ ಒತ್ತಿದ ದಿನ ಅದು ಲೆಕ್ಕಕ್ಕೆ ಬರುತ್ತೆ. ಆಗ ಬರೆಯೋ ಐಎಂವಿ ರಿಪೋರ್ಟ್‌ನಲ್ಲಿ ಹೋದ ವರ್ಷದ ಗುದ್ದಾಟದ ಸುದ್ದಿ ಇರಲ್ಲ. ಆ ಕಾರನ್ನು ನೀವು ಮಾರಿದ್ದರೆ, ಸೀಟಿನಲ್ಲಿ ಕೂತಿರೋರು ಅದರ ಸುದ್ದಿಯೇ ಗೊತ್ತಿಲ್ಲದ ಇನ್ಯಾರೋ.

ಹಾಗಾಗಿ ಆ ಎರಡು ಪ್ರಿಂಟ್‌ಔಟುಗಳನ್ನು, ಬದಲಿಸಿದ ಭಾಗಗಳ ಬಿಲ್ಲನ್ನು, ಆರ್‌ಸಿ ಮತ್ತು ಪಾಲಿಸಿಯ ಜೊತೆಗೇ ಒಂದು ಫೈಲಿನಲ್ಲಿ ಇಡಿ. ಮಾರುವಾಗ ಕೊಡಿ, ಕೊಳ್ಳುವಾಗ ಕೇಳಿ. ಕಾಯ್ದೆ ಕೇಳದ ಲಾಗ್ ಪುಸ್ತಕ ಅದು. ಹಿಂದೆ ಗಾಡಿ ಕಟ್ಟಿದವನೇ ಚಕ್ರ ತಿರುಗಿಸಿ ನೋಡಿ ಹೂಡು ಅಂತಿದ್ದ. ಈಗ ಆ ಜಾಗ ಖಾಲಿ ಇದೆ, ದಾರದ ಇನ್ನೊಂದು ತುದಿ ಗಾಡಿ ಓಡಿಸೋರೇ ಹಿಡೀಬೇಕು.